ಅಂಜಿನಮ್ಮನ ಲೈಟ್ ಡ್ಯೂಟಿ

ಆ ಕಾಲದಲ್ಲಿ ಲಗ್ಗೆರೆ ಕಡೆ ಹದಿನೈದು ಹದಿನಾರು ವರ್ಷದ ಹುಡುಗಿಯರು ಸತ್ತರೆ ಹೊಟ್ಟೆನೋವಿನಿಂದಲೇ ಸಾಯುತ್ತಿದ್ದರು. ಪೊಲೀಸರು ಹಾಗೆ ಬರೆದುಕೊಳ್ಳುತ್ತಿದ್ದರು, ಪತ್ರಿಕೆಯವರು ಹಾಗೆ ಅಚ್ಚು ಹಾಕುತ್ತಿದ್ದರು, ಹೆತ್ತವರು ಹಾಗೆ ಹೇಳಿ ಹೆಬ್ಬೆಟ್ಟು ಒತ್ತುತ್ತಿದ್ದರು. ‘ಹೊಟ್ಟೆನೋವು ತಾಳಲಾರದೆ.’ ಇಷ್ಟೊಂದು ಹೊಟ್ಟೆನೋವು ಇದ್ದ ಊರಿಗೆ ಯಾರೂ ಒಬ್ಬ ಡಾಕ್ಟರನ್ನು ಕರೆಸಲಿಲ್ಲ, ಅದು ಬೇರೆ ಮಾತು. ಹುಡುಗ ಸತ್ತರೆ ಪರೀಕ್ಷೆ, ಹುಡುಗಿ ಸತ್ತರೆ ಹೊಟ್ಟೆನೋವು. ಊರಿಗೆಲ್ಲ ಎರಡೇ ಕಾಯಿಲೆ. ಹೀಗೆ ಬರೆಸಿದರೆ ಕೋರ್ಟು ಕಚೇರಿ ಅಲೆಯಬೇಕಿಲ್ಲ, ಮನೆಯಲ್ಲಿ ಉಳಿದ ಹೆಣ್ಣುಮಕ್ಕಳ ಮದುವೆಗೆ ಅಡ್ಡಿಯಿಲ್ಲ, ಹಾಲು ತುಪ್ಪ ಬಿಟ್ಟು ಬಂದರೆ ಮುಗಿಯಿತು. ಸಾಯದೆ ಉಳಿದವಳ ಗತಿ ಇನ್ನೂ ಚಂದ. ಸಾಯಲು ಹೋದದ್ದೇ ಅಪರಾಧ ಅಂತ ಕಾನೂನಿತ್ತು. ಆಸ್ಪತ್ರೆಯ ಮಂಚದ ಪಕ್ಕ ಪೇದೆಯೊಬ್ಬ ಸ್ಟೂಲು ಹಾಕಿಕೊಂಡು ಕೂತಿರುತ್ತಿದ್ದ. ಬದುಕಿ ಬಂದ ಮಗುವಿಗೆ ಸರ್ಕಾರ ಮಾಡುತ್ತಿದ್ದ ಉಪಚಾರ ಅದು.

ಇಂಥ ಊರಿನಲ್ಲಿ, ಎಂಬತ್ತಮೂರನೇ ಇಸವಿಯಲ್ಲಿ, ಅಂಜಿನಮ್ಮ ಎಂಬ ಫ್ಯಾಕ್ಟರಿ ಆಯಾ ಒಂದು ಹುಡುಗಿಯನ್ನು ಸಾಯಲು ಬಿಡಲಿಲ್ಲ. ಅದಕ್ಕಾಗಿ ಅವಳಿಗೆ ಯಾರೂ ಶಾಲು ಹೊದಿಸಲಿಲ್ಲ. ಬೈದವರೇ ಬಹಳ. ಬೈದವರಲ್ಲಿ ನಮ್ಮ ಯೂನಿಯನ್ನಿನವರೇ ಮುಂದೆ.

ಅಂಜಿನಮ್ಮ ಲಗ್ಗೆರೆಯ ರೈತರ ಮನೆಯ ಸೊಸೆ. ಪೀಣ್ಯದ ಇಂಡಸ್ಟ್ರಿಯಲ್ ಎಸ್ಟೇಟಿಗೆ ಜಮೀನು ಹೋದಾಗ ಗಂಡ ನರಸಪ್ಪ ಪರಿಹಾರದ ದುಡ್ಡಿಗೆ ಮೋಟಾರ್ ಸೈಕಲ್ ತಂದ. ಅದನ್ನು ಓಡಿಸಲು ಕಲಿಯುವ ಮೊದಲೇ ಮಾರಿದ. ಆಮೇಲೆ ಅರಳಿಕಟ್ಟೆಯ ಮೇಲೆ ಕೂತವನು ಮತ್ತೆ ಏಳಲಿಲ್ಲ. ಊರಿನ ಅರ್ಧ ಗಂಡಸರು ಅಲ್ಲೇ ಕೂತಿದ್ದರು, ಜಮೀನು ಕಳೆದುಕೊಂಡದ್ದೇ ಒಂದು ಉದ್ಯೋಗವೆಂಬಂತೆ. ಅಂಜಿನಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಟ್ರಾನ್ಸ್‌ಫಾರ್ಮರಿನ ಬಿಡಿಭಾಗ ಮಾಡುವ ಒಂದು ಸಣ್ಣ ಫ್ಯಾಕ್ಟರಿಗೆ ಬಂದಳು. ಹೆಸರು ಬೇಡ, ಈಗ ಆ ಜಾಗದಲ್ಲಿ ಮದುವೆ ಛತ್ರವಿದೆ. ಅಲ್ಲಿ ಹೆಣ್ಣುಮಕ್ಕಳು ಸಾಲಾಗಿ ಕೂತು ತಾಮ್ರದ ತಂತಿ ಸುತ್ತುತ್ತಿದ್ದರು, ಪ್ರೆಸ್ಸಿನಲ್ಲಿ ತಗಡು ಒತ್ತುತ್ತಿದ್ದರು. ಅಂಜಿನಮ್ಮನ ಪಾಲಿಗೆ ಬಂದದ್ದು ಕಸ ಗುಡಿಸುವುದು, ಟೀ ಕಾಯಿಸುವುದು, ಹೆಂಗಸರ ಕಕ್ಕಸಿನ ಬೀಗದ ಕೈ ಇಟ್ಟುಕೊಳ್ಳುವುದು. ಇದರ ಜೊತೆಗೆ, ಬೇರೆ ಯಾರೂ ಒಪ್ಪಲಿಲ್ಲವೆಂದು, ಫಸ್ಟ್ ಏಡ್ ಡಬ್ಬ.

ಮೃದು ಮಾತು ಅವಳ ಬಾಯಲ್ಲಿ ಬರುತ್ತಿರಲಿಲ್ಲ. ಬಾಯಲ್ಲಿ ಸದಾ ಹೊಗೆಸೊಪ್ಪು, ಅದರ ಸಂದಿಯಲ್ಲಿ ಬೈಗುಳ. ಬೆರಳು ಜಜ್ಜಿಕೊಂಡು ಅಳುತ್ತ ಬಂದವಳಿಗೆ, ಅಳುವುದಿದ್ದರೆ ಮೊದಲು ಹೊರಗೆ ಹೋಗಿ ಅತ್ತು ಬಾ, ಟಿಂಚರ್ ಹಾಕುವಾಗ ಕೈ ಅಲ್ಲಾಡಬಾರದು ಎನ್ನುತ್ತಿದ್ದಳು. ಮುಂದೆ ಅವಳು ಮಾಡಿದ ಕೆಲಸ ಕೇಳಿದವರೆಲ್ಲ, ಪಾಪ, ಅವಳ ಮಗಳೂ ಹಾಗೇ ಹೋಗಿರಬೇಕು ಎಂದು ಲೊಚಗುಟ್ಟುತ್ತಾರೆ. ಅವಳ ಮಗಳೂ ಸತ್ತಿರಲಿಲ್ಲ, ತಂಗಿಯೂ ಸತ್ತಿರಲಿಲ್ಲ. ಇನ್ನೊಬ್ಬರ ಮಗು ಸಾಯಬಾರದು ಅನ್ನಿಸಲು ಮೊದಲು ತನ್ನದೊಂದು ಸಾಯಬೇಕು ಎಂದು ನಂಬಿದವರ ಜೊತೆ ಮಾತಾಡಿ ಉಪಯೋಗವಿಲ್ಲ.

ಹುಡುಗಿಯ ಹೆಸರು ಮುನಿಲಕ್ಷ್ಮಿ. ಊರು ಮಾದನಾಯಕನಹಳ್ಳಿ, ವಯಸ್ಸು ಹದಿನಾರು. ಎಸ್‌ಎಸ್‌ಎಲ್‌ಸಿಯಲ್ಲಿ ಲೆಕ್ಕ ಹೋಯಿತೆಂದು ವಿಧವೆ ತಾಯಿ ಅವಳನ್ನು ಲಗ್ಗೆರೆಯ ತನ್ನ ತಮ್ಮ ಗೋಪಾಲಪ್ಪನ ಮನೆಯಲ್ಲಿ ಬಿಟ್ಟಿದ್ದಳು. ಗೋಪಾಲಪ್ಪ ದೊಡ್ಡ ಮನುಷ್ಯ. ಉಳಿದ ಚೂರು ಜಮೀನಿನಲ್ಲಿ ಟೊಮ್ಯಾಟೊ ಹಾಕಿ, ಮಿಕ್ಕ ಕಡೆ ಸಾಲಾಗಿ ಶೀಟಿನ ಮನೆ ಕಟ್ಟಿ ಫ್ಯಾಕ್ಟರಿಯವರಿಗೆ ಬಾಡಿಗೆಗೆ ಬಿಟ್ಟಿದ್ದ. ಹೆಂಡತಿಗೆ ಮಕ್ಕಳಾಗಿರಲಿಲ್ಲ. ಅಕ್ಕನ ಮಗಳನ್ನು ತಾನೇ ಎರಡನೆಯವಳಾಗಿ ಕಟ್ಟಿಕೊಳ್ಳುವುದೆಂದು ಹಿರಿಯರು ಎಲೆ ಅಡಿಕೆ ಹಾಕಿಕೊಂಡು ತೀರ್ಮಾನ ಮಾಡಿದ್ದರು. ಸೋದರಮಾವ, ಹೊರಗಿನವನೇ? ಸಂಬಂಧ ಬಿಟ್ಟುಹೋಗಬಾರದಲ್ಲ. ಹದಿನೆಂಟು ತುಂಬಬೇಕೆಂಬ ಕಾನೂನು ಬೆಂಗಳೂರಿನಲ್ಲಿತ್ತು. ಅದು ಯಶವಂತಪುರ ದಾಟಿ ಈಚೆಗೆ ಬಂದಿರಲಿಲ್ಲ. ಮುಹೂರ್ತ ಕೂಡುವವರೆಗೆ ಸುಮ್ಮನೆ ಯಾಕೆ ಕೂರಬೇಕೆಂದು ಹುಡುಗಿಯನ್ನು ಪ್ರೆಸ್ಸಿನ ಮುಂದೆ ಕೂರಿಸಿದರು.

ಇಲ್ಲಿ ಪೀಣ್ಯದ ಒಂದು ಪದ್ಧತಿ ಹೇಳಬೇಕು. ಆಗ ಸಣ್ಣ ಫ್ಯಾಕ್ಟರಿಗಳಲ್ಲಿ ರಜೆ ಎಂಬುದು ದೇವರು ಕೊಟ್ಟರೂ ಮ್ಯಾನೇಜರ್ ಕೊಡುತ್ತಿರಲಿಲ್ಲ. ರಾಗಿ ಕೊಯ್ಲಿಗೋ ತಂಗಿಯ ಮದುವೆಗೋ ಹೋಗಲೇಬೇಕಾದವರು ಸಣ್ಣದೊಂದು ಗಾಯ ಮಾಡಿಕೊಂಡು ಕಾರ್ಮಿಕರ ವಿಮಾ ಆಸ್ಪತ್ರೆಯ ಇಎಸ್‌ಐ ಡಾಕ್ಟರಿಂದ ಚೀಟಿ ತರುತ್ತಿದ್ದರು. ಇದಕ್ಕೆ ‘ಇಎಸ್‌ಐ ಗಾಯ’ ಎಂದೇ ಹೆಸರು. ಮಾಲೀಕರು ಹಲ್ಲು ಕಡಿಯುತ್ತಿದ್ದರು. ಯೂನಿಯನ್ ಕಣ್ಣು ಮಿಟುಕಿಸುತ್ತಿತ್ತು. ನಮ್ಮ ಮೈಯನ್ನು ನಾವೇ ಮಾಲೀಕನಿಂದ ಬಿಡಿಸಿಕೊಳ್ಳುವ ಹೋರಾಟ ಇದು ಎಂದು ಗೇಟಿನ ಮುಂದೆ ಭಾಷಣವೂ ಆಗಿತ್ತು, ಚಪ್ಪಾಳೆಯೂ ಬಿದ್ದಿತ್ತು. ಹೀಗಾಗಿ ಮುನಿಲಕ್ಷ್ಮಿಯ ಎಡಗೈಗೆ ಮಳೆಗಾಲ ಮುಗಿಯುವಷ್ಟರಲ್ಲಿ ಮೂರನೇ ಸಲ ಪಟ್ಟಿ ಬಿದ್ದಾಗ ಎಲ್ಲರಿಗೂ ಅರ್ಥವಾಗಿಹೋಯಿತು. ಸೂಪರ್‌ವೈಸರ್ ಬೈದ. ಪಕ್ಕದ ಹುಡುಗಿಯರು, ಏನಮ್ಮಿ, ಮಾವನ ಜೊತೆ ಸಿನಿಮಾಕ್ಕೆ ಹೋಗೋಕೆ ರಜಾನಾ ಎಂದು ರೇಗಿಸಿದರು. ಇಷ್ಟು ಬುದ್ಧಿವಂತರಲ್ಲಿ ಒಬ್ಬರಿಗೂ ಒಂದು ಸಂಗತಿ ಹೊಳೆಯಲಿಲ್ಲ. ರಜೆ ಕದಿಯುವ ಕಳ್ಳಿ ಮೂರರಲ್ಲಿ ಒಂದು ಸಲವೂ ರಜೆ ಕೇಳಿರಲಿಲ್ಲ. ಪಟ್ಟಿ ಕಟ್ಟಿಸಿಕೊಂಡು ತಿರುಗಿ ಬಂದು ಅದೇ ಮಣೆಯ ಮೇಲೆ ಕೂರುತ್ತಿದ್ದಳು.

ಪಟ್ಟಿ ಕಟ್ಟಿದವಳು ಅಂಜಿನಮ್ಮ. ಪ್ರೆಸ್ಸು ಕಚ್ಚಿದರೆ ಬೆರಳನ್ನು ಕಚ್ಚಬೇಕು, ಇದು ಬೆರಳಲ್ಲ. ಅವಳು ಆ ದಿನ ಗಾಯ ತೊಳೆದು ಕಟ್ಟಿ ಕಳಿಸಿದಳು. ಮಾರನೇ ದಿನ ಟೀ ಹೊತ್ತು ಕಳೆದ ಮೇಲೆ ಹುಡುಗಿಯನ್ನು ಟೀ ಕೋಣೆಗೆ ಕರೆದು, ಬಾಗಿಲು ಮುಂದೆ ಮಾಡಿ, ಹಾಲಿನ ಕ್ರೇಟಿನ ಮೇಲೆ ಕೂರಿಸಿದಳು.

“ಇದು ಪ್ರೆಸ್ ಕಚ್ಚಿದ್ದಲ್ಲ ಕಣಮ್ಮಿ,” ಎಂದಳು. “ನಾನು ಮ್ಯಾನೇಜರಲ್ಲ, ನಿಮ್ಮಾವನೂ ಅಲ್ಲ. ಒಂದ್ ಮಾತ್ ಕೇಳ್ತೀನಿ. ಸಾಯ್ಬೇಕು ಅನ್ನುಸ್ತದಾ?”

ಲಗ್ಗೆರೆಯಲ್ಲಿ ಯಾರೂ ಯಾರಿಗೂ ಕೇಳದ ಪ್ರಶ್ನೆ ಇದು. ಬಾಯಿಬಿಟ್ಟು ಕೇಳಿದರೆ ಇಲ್ಲದ್ದನ್ನು ಹೇಳಿಕೊಟ್ಟಂತೆ ಎಂಬ ನಂಬಿಕೆ. ಕೇಳದೆ ಬಿಟ್ಟವರ ಮನೆಯಲ್ಲಿ ಎಷ್ಟು ಜನ ಉಳಿದರು ಎಂದು ಯಾರೂ ಯೋಚಿಸಿರಲಿಲ್ಲ. ಹುಡುಗಿ ಬೆಚ್ಚಲಿಲ್ಲ. ಬಹಳ ದಿನದಿಂದ ಹೊತ್ತ ಬಿಂದಿಗೆಯನ್ನು ಯಾರೋ ಕೆಳಗಿಳಿಸಿದಂತೆ ಅವಳ ಹೆಗಲು ಸಡಿಲವಾಯಿತು.

“ದಿನಾ ಅನ್ಸಲ್ಲ ಅಕ್ಕ.”

“ಇವತ್ತು?”

“ಇವತ್ತಿಲ್ಲ.” ಪಟ್ಟಿ ತೋರಿಸಿ ಹೇಳಿದಳು: “ಒಳಗೆ ಏನೋ ತುಂಬ್ಕತದೆ. ಬಾಯ್ಬಿಟ್ಟು ಏಳಕ್ಕೆ ಬರಲ್ಲ. ಅದಕ್ಕೆ ಇಂಗ್ ಮಾಡ್ಕತೀನಿ. ಆಮೇಲೆ ಇನ್ನೂ ನಾಚ್ಕೆ ಆಯ್ತದೆ.”

ಇಂಥ ಹೊತ್ತಿನಲ್ಲಿ ದೊಡ್ಡವರ ಹತ್ತಿರ ಇರುವ ಔಷಧಿಗಳು ಗೊತ್ತೇ ಇವೆ. ನಿಮ್ಮಮ್ಮನ ಮುಖ ನೋಡು ಎನ್ನುವುದು. ಇಷ್ಟಕ್ಕೆಲ್ಲ ಹೀಗಾ ಎಂದು ನಗುವುದು. ದೇವರ ಮುಂದೆ ಆಣೆ ಹಾಕಿಸುವುದು. ಏನೂ ತೋಚದಿದ್ದರೆ ಎರಡು ಬಿಗಿಯುವುದು. ಅಂಜಿನಮ್ಮ ಇದಾವುದನ್ನೂ ಮಾಡಲಿಲ್ಲ. ಅವಳಿಗೆ ಬುದ್ಧಿ ಹೇಳುವ ಅಭ್ಯಾಸವೇ ಇರಲಿಲ್ಲ, ಬೈಯುವ ಅಭ್ಯಾಸ ಮಾತ್ರ ಇತ್ತು. ಆ ದಿನ ಅದನ್ನೂ ಪಕ್ಕಕ್ಕಿಟ್ಟಳು. ಯಾರಿಗೂ ಹೇಳಬೇಡ ಅಕ್ಕ ಎಂದು ಹುಡುಗಿ ಕೈ ಹಿಡಿದುಕೊಂಡಾಗ ಹೀಗೆಂದಳು:

“ಊರ್ಗೆಲ್ಲ ಸಾರಲ್ಲ. ಯಾರ್ಗೂ ಏಳಲ್ಲ ಅಂತ ಮಾತ್ ಕೊಡಕ್ಕೂ ಆಗಲ್ಲ. ನೀನು ಉಳೀಬೇಕಾದ್ರೆ ಯಾರ್ಗೆ ಏಳ್ಬೇಕೋ ಅವ್ರಿಗೆ ಏಳ್ತೀನಿ. ಬಯ್ಕೋ ಬೇಕಾದ್ರೆ.”

ಅಂದು ಸಂಜೆ ಅವಳು ಗೋಪಾಲಪ್ಪನ ಮನೆಗೆ ಹೋದಳು. ಮನೆ ಹೇಗಿದೆ, ಹುಡುಗಿ ಎಲ್ಲಿ ಮಲಗುತ್ತಾಳೆ, ಹಗಲು ಮನೆಯಲ್ಲಿ ಯಾರಿರುತ್ತಾರೆ ಎಂದು ಕಣ್ಣಲ್ಲೇ ಅಳೆದಳು. ಹಗಲು ಗಂಡ ಹೆಂಡತಿ ಇಬ್ಬರೂ ಟೊಮ್ಯಾಟೊ ತೋಟಕ್ಕೆ ಹೋಗುತ್ತಿದ್ದರು, ಮನೆಯಲ್ಲಿ ಯಾರೂ ಇರುತ್ತಿರಲಿಲ್ಲ. ಅಟ್ಟದ ಮೇಲೆ ಟೊಮ್ಯಾಟೊಗೆ ಹೊಡೆಯುವ ಔಷಧಿ ಇತ್ತು. ನಮ್ಮ ಹೀರೇಬಳ್ಳಿಗೆ ಹುಳ ಬಿದ್ದಿದೆ ಎಂದು ಅದನ್ನು ಇಸಿದುಕೊಂಡು ಬಂದವಳು ವಾಪಸು ಕೊಡಲೇ ಇಲ್ಲ. ಗೋಪಾಲಪ್ಪ ಕೇಳಿಕೊಂಡು ಬಂದಾಗ ಚೆಲ್ಲಿಹೋಯಿತು ಎಂದಳು. ನರಸಪ್ಪನ ಹೆಂಡತಿ ಕಳ್ಳಿ ಎಂದು ಅವನು ಅರಳಿಕಟ್ಟೆಗೆಲ್ಲ ಸಾರಿದ. ಕಟ್ಟೆಯ ಮೇಲಿದ್ದ ನರಸಪ್ಪ ಮಿಕ್ಕವರ ಜೊತೆ ಸೇರಿ ನಕ್ಕ.

ಹುಡುಗಿ ಮಂಕಾಗಿದ್ದಾಳಲ್ಲ ಎಂದು ಅವಳು ಗೋಪಾಲಪ್ಪನಿಗೂ ಒಂದು ಮಾತು ಹಾಕಿ ನೋಡಿದ್ದಳು. ಅವನ ಬಳಿ ಉತ್ತರ ತಯಾರಿತ್ತು. ವಯಸ್ಸಿಗೆ ಬಂದ ಹುಡುಗಿ, ಮದುವೆಯಾದರೆ ಎಲ್ಲ ಸರಿಹೋಗುತ್ತದೆ. ಅಲ್ಲಿಯವರೆಗೆ ಬೇಕಾದರೆ ಒಂದು ಅಮಾವಾಸ್ಯೆ, ಗಾಳಿ ದೃಷ್ಟಿ ಹೋಗಲೆಂದು, ತಡೆ ಒಡೆಸಿದರಾಯಿತು. ಯಾವುದು ಅವಳ ಎದೆಯ ಮೇಲೆ ಕೂತಿತ್ತೋ ಅದನ್ನೇ ಇನ್ನಷ್ಟು ಬಿಗಿಯಾಗಿ ಕೂರಿಸುವುದು ಇವರ ಚಿಕಿತ್ಸೆ.

ಅಷ್ಟರಲ್ಲಿ ಫ್ಯಾಕ್ಟರಿಯಲ್ಲಿ ಹುಡುಗಿಯ ಕೈ ದೊಡ್ಡ ವಿಷಯವಾಗಿತ್ತು. ಇದು ನಾಟಕ, ಕೆಲಸದಿಂದ ತೆಗೆಯುತ್ತೇನೆ ಎಂದು ಮ್ಯಾನೇಜರ್ ಹೊರಟ. ನಮ್ಮ ಯೂನಿಯನ್ನಿನ ಕಾರ್ಯದರ್ಶಿ ವೆಂಕಟೇಶಪ್ಪ, ಇದು ಅಪಘಾತ, ನಿಮ್ಮ ಪ್ರೆಸ್ಸಿಗೆ ಗಾರ್ಡ್ ಇಲ್ಲ, ಗಾರ್ಡ್ ಹಾಕುವವರೆಗೆ ಹುಡುಗಿಗೆ ಪೂರ್ತಿ ಸಂಬಳದ ರಜೆ ಕೊಡಿ ಎಂದು ಮೇಜು ಗುದ್ದಿದ. ಕೈ ಒಳಗೆ ಹೋಗದಂತೆ ಪ್ರೆಸ್ಸಿನ ಬಾಯಿಗೆ ಅಡ್ಡ ಹಾಕುವ ಕಂಬಿಯೇ ಗಾರ್ಡ್. ಅದಿರಲಿಲ್ಲ ಎಂಬುದು ಸತ್ಯ. ಅದಕ್ಕಾಗಿ ಒಂದು ವರ್ಷದಿಂದ ನಾವು ಕೂಗುತ್ತಿದ್ದೆವು, ಈಗ ಕೈಗೆ ಒಂದು ಕೈ ಸಿಕ್ಕಿತ್ತು. ಮ್ಯಾನೇಜರ್ ಕೋಣೆಯಲ್ಲಿ ಅರ್ಧ ದಿನ ವಾದ ನಡೆಯಿತು. ನಾಟಕವೋ ಅಪಘಾತವೋ? ಆ ಕೈಯ ಒಡತಿ ಗೋಡೆಯ ಆಚೆ ತಗಡು ಒತ್ತುತ್ತಿದ್ದಳು. ಅವಳನ್ನು ಕರೆದು ಕೇಳೋಣ ಎಂದು ಯಾವ ಪಕ್ಷಕ್ಕೂ ಅನ್ನಿಸಲಿಲ್ಲ.

ಟೀ ಕೊಡಲು ಒಳಗೆ ಹೋಗಿದ್ದ ಅಂಜಿನಮ್ಮನಿಗೆ ಇಷ್ಟು ತಿಳಿಯಿತು. ಮ್ಯಾನೇಜರ್ ಗೆದ್ದರೂ ಹುಡುಗಿ ಮನೆಗೆ, ವೆಂಕಟೇಶಪ್ಪ ಗೆದ್ದರೂ ಹುಡುಗಿ ಮನೆಗೆ. ಬೆಳಗಿನಿಂದ ಸಂಜೆಯವರೆಗೆ ಆ ಖಾಲಿ ಮನೆಯಲ್ಲಿ ಒಬ್ಬಳೇ. ಅಟ್ಟದ ಮೇಲಿದ್ದುದನ್ನು ತಂದಾಯಿತು. ಇನ್ನು ಏನೇನನ್ನು ಹೊತ್ತು ತರುವುದು? ಅವಳು ವೆಂಕಟೇಶಪ್ಪನನ್ನು ಸೈಕಲ್ ಸ್ಟ್ಯಾಂಡಿನ ಹತ್ತಿರ ಅಡ್ಡಹಾಕಿ ವಿಷಯವನ್ನು ಅವನೊಬ್ಬನಿಗೆ ಹೇಳಿದಳು. ರಜೆ ಬೇಡ, ಲೈಟ್ ಡ್ಯೂಟಿ ಕೊಡಿಸು, ನನ್ನ ಜೊತೆ ಟೀ ಕೋಣೆಯಲ್ಲಿರಲಿ ಎಂದಳು. ಗಾಯವಾದವರಿಗೆ ವಾಸಿಯಾಗುವವರೆಗೆ ಕೂತು ಮಾಡುವ ಹಗುರ ಕೆಲಸ ಕೊಡುವ ಪದ್ಧತಿ ಅದು, ಕಾಗದದ ಮೇಲೆ ಇತ್ತು.

“ಕೆಲ್ಸಕ್ಕೆ ಬಂದ್ರೆ ಕೇಸ್ ಬಿದ್ದೋಗ್ತದಲ್ಲಮ್ಮ,” ಎಂದ ವೆಂಕಟೇಶಪ್ಪ. “ಗಾಯ ಆದೋಳು ಮನೇಲಿದ್ರೇ ಅವ್ನಿಗೆ ಬಿಸಿ ತಟ್ಟೋದು. ಮತ್ತೆ ನೀನು ಏಳ್ತಿರೋದು... ಅಂಗೆಲ್ಲ ಬಾಯ್ಬಿಟ್ಟು ಏಳೋರು ಸಾಯಲ್ಲ ತಗೊ.”

“ನೀನ್ ಎಷ್ಟ್ ಜನ ಸಾಯೋದು ನೋಡಿದ್ದೀಯಪ್ಪ? ಮಣ್ಣಿಗ್ ಒತ್ಕೊಂಡೋಗೋದ್ ನೋಡಿದ್ದೀಯ, ಅಷ್ಟೆ.”

“ಒಂದು ವಾರ ಅಂಜಿನಮ್ಮ. ಒಂದೇ ವಾರ.”

“ವಾರಕ್ಕೆ ಅವ್ಳ ಎಣದ ಮ್ಯಾಲೆ ಕೆಂಪು ಬಾವುಟ ಒದ್ಸಕ್ಕೆ ಬರ್ತೀಯ ನೀನು. ಅದೇ ಬಾವುಟದಲ್ಲಿ ನಿನ್ ಮೂತಿ ಒರುಸ್ತೀನಿ ನಾನು.”

ವೆಂಕಟೇಶಪ್ಪ ಕೆಟ್ಟವನಲ್ಲ. ಎರಡು ಸಲ ಜೈಲು ನೋಡಿದವನು, ಲಾಠಿ ತಿಂದವನು, ಕಾರ್ಮಿಕ ವರ್ಗಕ್ಕಾಗಿ ಪ್ರಾಣ ಕೊಡುತ್ತೇನೆ ಎಂದು ವಾರಕ್ಕೊಮ್ಮೆಯಾದರೂ ಹೇಳುವವನು. ಅವನಿಗೆ ಕಾರ್ಮಿಕ ವರ್ಗ ಕಾಣುತ್ತಿತ್ತು, ಅದರೊಳಗಿನ ಒಂದು ಹುಡುಗಿ ಕಾಣುತ್ತಿರಲಿಲ್ಲ. ನಮ್ಮಲ್ಲಿ ಬಹಳ ಜನರ ಕಣ್ಣು ಹಾಗೇ ಇತ್ತು. ದೂರದ್ದು ನಿಚ್ಚಳ, ಹತ್ತಿರದ್ದು ಮಬ್ಬು.

ಅಂಜಿನಮ್ಮ ನೇರ ಮ್ಯಾನೇಜರ್ ಕೋಣೆಗೆ ಹೋದಳು. ಹುಡುಗಿಗೆ ಲೈಟ್ ಡ್ಯೂಟಿ ಕೊಡಿ, ರಜೆಯೂ ಬೇಡ ಕೇಸೂ ಬೇಡ ಎಂದಳು. ಮ್ಯಾನೇಜರ್‌ಗೆ ಬಿಟ್ಟಿ ಊಟ ಸಿಕ್ಕಂತಾಯಿತು. ಕಾಸು ಖರ್ಚಿಲ್ಲದೆ ಗಾರ್ಡಿನ ಗಲಾಟೆ ಮುಗಿಯುತ್ತದಲ್ಲ. ಅಲ್ಲೇ ಸಹಿ ಹಾಕಿದ. ಸಂಜೆಯೊಳಗೆ ಅಂಜಿನಮ್ಮ ಮ್ಯಾನೇಜರ್‌ನ ಬಾಲ ಎಂದು ಇಡೀ ಎಸ್ಟೇಟಿಗೆ ಗೊತ್ತಾಯಿತು. ಯೂನಿಯನ್ ಸಭೆಯಲ್ಲಿ ಅವಳನ್ನು ಮೂರು ತಿಂಗಳು ಹೊರಗಿಟ್ಟರು. ಯಾಕೆ ಹೀಗೆ ಮಾಡಿದಳೆಂದು ಅವಳು ಯಾರಿಗೂ ಬಿಡಿಸಿ ಹೇಳಲಿಲ್ಲ. ಹೇಳಿದರೆ ಹುಡುಗಿಯ ಹೆಸರು ಪ್ರತಿ ಮನೆಯ ಜಗಲಿಗೂ ಬರುತ್ತಿತ್ತು. ವೆಂಕಟೇಶಪ್ಪನಿಗೆ ಗೊತ್ತಿತ್ತು, ಅವನೂ ಹೇಳಲಿಲ್ಲ. ಅಷ್ಟು ಮಾನ ಅವನಿಗಿತ್ತೋ, ಅಥವಾ ಸೈಕಲ್ ಸ್ಟ್ಯಾಂಡಿನಲ್ಲಿ ತಾನು ಆಡಿದ ಮಾತು ಹೊರಗೆ ಬರಬಾರದೆಂದೋ, ಅವನಿಗೇ ಗೊತ್ತು.

ಮುಂದಿನ ವಾರ ಅಂಜಿನಮ್ಮ ಹುಡುಗಿಯನ್ನು ಬಸ್ಸು ಹತ್ತಿಸಿ, ಮೆಜೆಸ್ಟಿಕ್ಕಿನಲ್ಲಿ ಇಳಿಸಿ, ಇನ್ನೊಂದು ಬಸ್ಸು ಹತ್ತಿಸಿ ಮನಸ್ಸಿನ ಕಾಯಿಲೆಯ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋದಳು. ನಮ್ಮ ಕಡೆ ಅದಕ್ಕೆ ಹುಚ್ಚಾಸ್ಪತ್ರೆ ಎಂದೇ ಹೆಸರು. ಆ ಗೇಟು ದಾಟಿದ ಹುಡುಗಿಯನ್ನು ಯಾರೂ ಮದುವೆಯಾಗುವುದಿಲ್ಲ ಎಂಬ ಭಯವಿತ್ತು. ಆಗದಿದ್ದರೆ ಒಳ್ಳೆಯದೇ ಆಯಿತು ಎಂದಳು ಅಂಜಿನಮ್ಮ. ಚಿಕ್ಕ ವಯಸ್ಸಿನ ಡಾಕ್ಟರಮ್ಮ ಹುಡುಗಿಯನ್ನು ಮೊದಲು ಕೇಳಿದ್ದೇ, ಸಾಯಬೇಕು ಅನ್ನಿಸುತ್ತದಾ ಎಂದು. ಇದನ್ನು ನಾನೇ ಕೇಳಿ ಆಯಿತು, ಇದಕ್ಕೆ ಎರಡು ಬಸ್ಸು ಬೇಕಿತ್ತಾ ಎಂದು ಅಂಜಿನಮ್ಮ ಸಿಡುಕಿದಳು. ಡಾಕ್ಟರಮ್ಮ ನಕ್ಕು, ಅವಳನ್ನು ಹೊರಗೆ ಕೂರಿಸಿ, ಹುಡುಗಿಯ ಜೊತೆ ಬಹಳ ಹೊತ್ತು ಮಾತಾಡಿದಳು. ಆಮೇಲೆ ಅಂಜಿನಮ್ಮನನ್ನು ಒಳಗೆ ಕರೆದು, ನೀವು ಮಾಡಿದ್ದು ಸರಿ, ಇನ್ನೂ ಬಹಳ ದಿನ ಕರೆದುಕೊಂಡು ಬರಬೇಕು, ಹುಡುಗಿಯ ತಾಯಿಯೂ ಬರಬೇಕು ಎಂದಳು.

ತಾಯಿ ಮಾದನಾಯಕನಹಳ್ಳಿಯಿಂದ ಬಂದಳು. ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು, ನನ್ನ ಮಗಳಿಗೆ ಏನು ಕಮ್ಮಿ ಮಾಡಿದ್ದೆ ಎಂದು ಎದೆ ಬಡಿದುಕೊಂಡಳು. ಅಂಜಿನಮ್ಮ ಒಂದಷ್ಟು ಹೊತ್ತು ಬಡಿದುಕೊಳ್ಳಲು ಬಿಟ್ಟು, ಸಾಕು ಏಳು, ಇದು ನಿನ್ನ ಕಥೆಯಲ್ಲ ಎಂದಳು. ಡಾಕ್ಟರಮ್ಮನ ಕೋಣೆಯಿಂದ ಹೊರಗೆ ಬರುವಾಗ ತಾಯಿಯ ಮುಖ ಬೇರೆಯಾಗಿತ್ತು. ಲಗ್ಗೆರೆಗೆ ಹೋಗಿ ತಮ್ಮನಿಗೆ, ಹದಿನೆಂಟು ತುಂಬುವವರೆಗೆ ಮದುವೆಯ ಮಾತು ಎತ್ತಕೂಡದು, ಆಮೇಲೆ ಅವಳನ್ನೇ ಕೇಳಬೇಕು ಎಂದು ಹೇಳಿ ಬಂದಳು. ಮಗಳನ್ನು ವಾಪಸು ಊರಿಗೆ ಕರೆದುಕೊಂಡಳು. ಹುಡುಗಿ ದಿನಾ ಬಸ್ಸಿನಲ್ಲಿ ಕೆಲಸಕ್ಕೆ ಬಂದು ಹೋಗುವುದಾಯಿತು.

ಹಾಗಾದರೆ ಮಾವನೇ ಕಾರಣ ಎಂದು ಓದುವವರು ಕೈ ತೊಳೆದುಕೊಳ್ಳಬಾರದು. ಜನಕ್ಕೆ ಒಂದು ಕಾರಣ ಬೇಕು, ಒಂದೇ ಬೇಕು, ಅದು ಬೇರೆಯವರ ಮನೆಯಲ್ಲಿರಬೇಕು. ಮುನಿಲಕ್ಷ್ಮಿ ಅಂಜಿನಮ್ಮನಿಗೆ ಒಂದು ದಿನ ಮಾವ ಎನ್ನುತ್ತಿದ್ದಳು, ಇನ್ನೊಂದು ದಿನ ಲೆಕ್ಕದ ಪರೀಕ್ಷೆ, ಮತ್ತೊಂದು ದಿನ ಸತ್ತುಹೋದ ಅಪ್ಪ. ಕೆಲವು ದಿನ ಏನೂ ಇಲ್ಲ, ಸುಮ್ಮನೆ ಹೀಗೆ, ಎನ್ನುತ್ತಿದ್ದಳು. ಆ ಸುಮ್ಮನೆ ಎಂಬ ದಿನಗಳಲ್ಲೇ ಅಂಜಿನಮ್ಮ ಹೆಚ್ಚು ಹೆದರುತ್ತಿದ್ದಳು, ಲೋಟ ತೊಳೆಯುವ ನೆಪದಲ್ಲಿ ಅವಳನ್ನು ಕಣ್ಣಿಂದ ಆಚೆ ಬಿಡುತ್ತಿರಲಿಲ್ಲ.

ಅಲ್ಲಿಂದ ಎಲ್ಲ ಸರಿಹೋಯಿತು ಎಂದರೆ ಸುಳ್ಳು. ಆಮೇಲೆಯೂ ಎರಡು ಸಲ ಹುಡುಗಿಯ ಕೈಗೆ ಪಟ್ಟಿ ಬಿತ್ತು. ಎರಡೂ ಸಲ ಅಂಜಿನಮ್ಮ ತೊಳೆದಳು, ಕಟ್ಟಿದಳು, ಟೀ ಕೊಟ್ಟಳು, ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋದಳು. ಮಾತು ತಪ್ಪಿದೆ ಎನ್ನಲಿಲ್ಲ, ಮತ್ತೆ ಮಾಡುವುದಿಲ್ಲವೆಂದು ಮಾತು ತೆಗೆದುಕೊಂಡಿದ್ದರೆ ತಾನೆ. ಎರಡನೆಯ ಸಲ ಮಾತ್ರ ಕಕ್ಕಸಿನ ಹಿಂದೆ ಹೋಗಿ ನಿಂತು ಬಹಳ ಹೊತ್ತು ಹೊಗೆಸೊಪ್ಪು ಉಗಿದಳು ಎಂದು ಕಂಡವರು ಹೇಳಿದರು. ಕೈ ವಾಸಿಯಾದ ಮೇಲೆ ಹುಡುಗಿ ತಿರುಗಿ ಪ್ರೆಸ್ಸಿಗೆ ಬಂದಳು. ಆಸ್ಪತ್ರೆಗೆ ಹೋಗುವುದು ನಿಲ್ಲಲಿಲ್ಲ.

ಮುಂದಿನ ವರ್ಷ ಬೇಸಿಗೆಯಲ್ಲಿ ಪ್ರೆಸ್ಸು ನಿಜವಾಗಿಯೂ ಕಚ್ಚಿತು. ಭಾಗ್ಯಮ್ಮ ಎಂಬುವಳ ಬಲಗೈಯ ಎರಡು ಬೆರಳ ತುದಿ ಹೋಯಿತು. ಗಾರ್ಡ್ ಇನ್ನೂ ಬಂದಿರಲಿಲ್ಲ. ಗೇಟ್ ಮೀಟಿಂಗಿನಲ್ಲಿ ವೆಂಕಟೇಶಪ್ಪ ಗಂಟಲು ಹರಿದುಕೊಂಡ. ಹೋದ ವರ್ಷವೇ ಬರಬೇಕಾದ ಗಾರ್ಡನ್ನು ಯಾರು ಮಾರಿಕೊಂಡರು? ಒಂದು ಲೈಟ್ ಡ್ಯೂಟಿಗಾಗಿ ಭಾಗ್ಯಮ್ಮನ ಬೆರಳನ್ನು ಯಾರು ಕೊಟ್ಟರು? ಎಲ್ಲರೂ ಅಂಜಿನಮ್ಮನ ಕಡೆ ತಿರುಗಿದರು. ಅವಳು ಟೀ ಕೆಟಲ್ ಹಿಡಿದು ಗೇ‌ಟಿನ ಒಳಗೆ ನಿಂತಿದ್ದಳು. ಮುನಿಲಕ್ಷ್ಮಿ ಜನರ ನಡುವೆ ಇದ್ದಳು.

“ಬೆರಳೋಯ್ತು, ನಿಜ,” ಎಂದಳು ಅಂಜಿನಮ್ಮ. “ಅದಕ್ಕೆ ನನ್ನ ಬಯ್ಯಿ. ಭಾಗ್ಯಮ್ಮನ ಮನೆಗೋಗಿ ನಾನೇ ಬಯ್ಸ್ಕೊಂಡ್ ಬಂದಿವ್ನಿ. ಇನ್ನೊಂದ್ ದಪ ಅಂಗೇ ಆದ್ರೂ ನಾನು ಇಂಗೇ ಮಾಡೋದು.”

ಯಾಕೆ ಎಂದು ಅವಳು ಅಲ್ಲಿಯೂ ಹೇಳಲಿಲ್ಲ. ಕೆಟಲ್ ಎತ್ತಿಕೊಂಡು ಒಳಗೆ ಹೋದಳು. ವೆಂಕಟೇಶಪ್ಪ ಮುಂದೆ ಮಾತಾಡಬೇಕೆಂದಿದ್ದವನು ಮುನಿಲಕ್ಷ್ಮಿಯ ಮುಖ ಕಂಡು ಮೈಕು ಕೆಳಗಿಟ್ಟ.

ಮಧ್ಯಾಹ್ನದ ಪಾಳಿಯ ಗಂಟೆ ಹೊಡೆಯಿತು. ಹುಡುಗಿಯರು ತಂತಮ್ಮ ಮಣೆಗೆ ಹೋದರು. ಭಾಗ್ಯಮ್ಮ ಕೂರುತ್ತಿದ್ದ ಪ್ರೆಸ್ಸನ್ನು ಒರೆಸಿ ಇಟ್ಟಿದ್ದರು. ಸೂಪರ್‌ವೈಸರ್ ಮುನಿಲಕ್ಷ್ಮಿಗೆ ಅಲ್ಲಿ ಕೂರಲು ಹೇಳಿದ. ಅವಳು ಆ ಯಂತ್ರದ ಮುಂದೆ ನಿಂತು, ಕೂರಲ್ಲ ಎಂದಳು. ಸೂಪರ್‌ವೈಸರ್‌ಗೆ ನಗು ಬಂತು; ಏನು, ಮತ್ತೆ ಇಎಸ್‌ಐ ಗಾಯಾನಾ ಎಂದ.

“ಗಾಯ ಬೇಡ ಅಂತಾನೇ ಕೂರಲ್ಲ ಸಾರ್,” ಎಂದಳು ಹುಡುಗಿ. “ಗಾರ್ಡ್ ಆಕಿ, ಕೂರ್ತೀನಿ.”

ಅವಳ ಧ್ವನಿ ಜೋರಿರಲಿಲ್ಲ. ಪಕ್ಕದವಳಿಗೆ ಕೇಳುವಷ್ಟಿತ್ತು, ಅಷ್ಟೇ ಸಾಕಾಯಿತು. ಪಕ್ಕದವಳು ಎದ್ದಳು, ಅವಳ ಪಕ್ಕದವಳು ಎದ್ದಳು, ಪ್ರೆಸ್ಸಿನ ಸಾಲು ಪೂರ್ತಿ ನಿಂತುಹೋಯಿತು. ಯೂನಿಯನ್ ಕರೆ ಕೊಟ್ಟಿರಲಿಲ್ಲ; ಕರೆ ಕೊಡುವವರು ಹೊರಗೆ ಮುಂದಿನ ಸಭೆಯ ತಾರೀಕು ಗೊತ್ತು ಮಾಡುತ್ತಿದ್ದರು. ಹೊರಗೆ ಸುದ್ದಿ ಬಂದಾಗ ಅದು ನಮ್ಮದೇ ಹೋರಾಟ ಎಂದು ತಕ್ಷಣ ಘೋಷಿಸಿದೆವು. ಮರುವರ್ಷದ ವರದಿಯಲ್ಲಿ ‘ಯೂನಿಯನ್ ನೇತೃತ್ವದಲ್ಲಿ’ ಎಂದೇ ಅಚ್ಚಾಯಿತು.

ಸಂಜೆ ಮ್ಯಾನೇಜರ್ ಮುನಿಲಕ್ಷ್ಮಿಗೆ ಸಸ್ಪೆನ್ಷನ್ ಕೊಟ್ಟ. ಗಾರ್ಡಿನ ವಿಷಯ ಇತ್ಯರ್ಥವಾಗುವವರೆಗೆ ಫ್ಯಾಕ್ಟರಿಯೊಳಗೆ ಕಾಲಿಡುವಂತಿಲ್ಲ.  ಹೋದ ವರ್ಷ ಅಂಜಿನಮ್ಮ ಯೂನಿಯನ್ನಿಗೆ ಎದುರು ನಿಂತು ತಪ್ಪಿಸಿದ್ದ ಖಾಲಿ ಮನೆ ಈಗ ಮತ್ತೆ ಎದುರಿಗೆ ಬಂದಿತ್ತು. ತಾಯಿ ಕೂಲಿಗೆ ಹೋಗುವವಳು, ಹಗಲು ಮಾದನಾಯಕನಹಳ್ಳಿಯ ಮನೆಯಲ್ಲೂ ಯಾರೂ ಇರುತ್ತಿರಲಿಲ್ಲ. ಅಂಜಿನಮ್ಮ ಹುಡುಗಿಯ ಹಿಂದೆಯೇ ಗೇಟಿನವರೆಗೆ ಓಡಿಬಂದು, ಮ್ಯಾನೇಜರ್‌ನ ವಂಶವನ್ನೆಲ್ಲ ಬೈದು, ನಾಳೆಯಿಂದ ನನ್ನ ಮನೆಯಲ್ಲಿರು, ನರಸಪ್ಪನನ್ನು ಕಟ್ಟೆಯಿಂದ ಎಬ್ಬಿಸಿ ಕಾವಲು ಕೂರಿಸುತ್ತೇನೆ ಎಂದಳು.

“ಮನೇಲಿ ಇರಲ್ಲ ಅಕ್ಕ,” ಎಂದಳು ಮುನಿಲಕ್ಷ್ಮಿ. “ಇಲ್ಲೇ ಗೇಟ್ತಾವ ಕೂತಿರ್ತೀನಿ.”

ಮಾರನೇ ದಿನ ಬೆಳಗಿನ ಬಸ್ಸಿಗೆ ಬಂದು, ಕಾಂಪೌಂಡಿನ ನೆರಳಿನಲ್ಲಿ ಟವೆಲ್ ಹಾಸಿಕೊಂಡು ಕೂತಳು. ಮಧ್ಯಾಹ್ನ ಭಾಗ್ಯಮ್ಮ ಬಲಗೈಯನ್ನು ಬಟ್ಟೆಯಲ್ಲಿ ಕುತ್ತಿಗೆಗೆ ಜೋತು ಹಾಕಿಕೊಂಡು ಬಂದು ಅವಳ ಪಕ್ಕ ಕೂತಳು. ಅಂಜಿನಮ್ಮ ಒಳಗಿನಿಂದ ಎರಡು ಲೋಟ ಟೀ ತಂದಳು. ಇದು ಮ್ಯಾನೇಜರ್‌ನ ಸಕ್ಕರೆ, ನೆಕ್ಕಿ ಕುಡಿಯಿರಿ ಎಂದು ಹೇಳಿ ಒಳಗೆ ಹೋದಳು.